ಅಜ್ಜಿ ಪದಗಳು ಮತ್ತೆ ಆ ನೀಲಿ ಪೋರ್ಟು

ಶನಿವಾರ ಸ್ಕೂಲ್ ಮುಗಿಸಿ ಬಂದು ಮಧ್ಯಾಹ್ನ ಎರಡಕ್ಕೆ ಕಂಪ್ಯೂಟರಿಂದ ಹೊರಗಿನ ಹಾರ್ಡ್ ಡಿಸ್ಕ್‌ಗೆ ವಿಡಿಯೋಗಳನ್ನ ಕಾಪಿಗೆ ಹಾಕಿದ್ದೆ, ಐದು ಗಂಟೆಗೂ ಪೂರ್ತಿ ಮುಗಿದಿರ್ಲಿಲ್ಲ. ಒಟ್ಟು 380 ಜಿಬಿ, ಎಲ್ಲಾ ನಮ್ಮಜ್ಜಿದೇ. ಸೋಬಾನೆ, ಬೀಸೋ ಪದ, ಜೋಗುಳ, ಜಗಳೂರು ಕಡೆ ಹಳ್ಳಿಗೆ ಹೋದಾಗೆಲ್ಲ ನಾನು ಮತ್ತೆ ಮಾವನ ಮಗ ಕೂತು ವಿಡಿಯೋ ಮಾಡ್ಕೊಂಡಿದ್ದು. ಕಣ್ಣಿನ ಆಪರೇಷನ್‌ಗೆ ಅಂತ ಅಜ್ಜಿ ದಾವಣಗೆರೆಗೆ ನಮ್ಮನೆಗೇ ಬಂದಿದ್ಲು, ವಾಪಸ್ ಊರಿಗೆ ಹೋಗೋದ್ರೊಳಗೆ ಎಲ್ಲಾ ಒಂದು ಕಡೆ ಜೋಡಿಸಿ, ಯಾವ ಪದ ಪೂರ್ತಿ ಐತೆ ಯಾವ್ದು ಅರ್ಧಕ್ಕೆ ನಿಂತೈತೆ ಅಂತ ಅವಳನ್ನೇ ಕೂರಿಸ್ಕೊಂಡು ನೋಡ್ಬೇಕು ಅನ್ನೋದು ನನ್ನಾಸೆ.

ಹಿಂದಿನ ವರ್ಷ ಒಂದು ಡಿಸ್ಕ್ ಹೋಗಿತ್ತು. ಓಡ್ತಿರೋವಾಗ್ಲೇ ಟೇಬಲ್ ಮೇಲಿಂದ ಬಿತ್ತು, ಆಮೇಲೆ ಟಿಕ್ ಟಿಕ್ ಅನ್ನೋ ಸದ್ದು ಬಿಟ್ರೆ ಏನೂ ಇಲ್ಲ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗ್ತಾ ಇರುತ್ತೆ, ಅದರ ಮೇಲೆ ಕೂದಲೆಳೆಗಿಂತ್ಲೂ ಸಣ್ಣ ಅಂತರದಲ್ಲಿ ಓದೋ ಹೆಡ್ ತೇಲ್ತಾ ಇರುತ್ತೆ, ಬಿದ್ದಾಗ ಅದು ತಟ್ಟೆಗೆ ತಾಗಿದ್ರೆ ಮುಗೀತು. ಎರಡು ಮದುವೆ ಪದ ಅದರಲ್ಲಿದ್ವು, ಬೇರೆ ಕಾಪಿ ಇರ್ಲಿಲ್ಲ. ಅದನ್ನ ನೆನಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಅದಕ್ಕೇ ಈ ಸಲ ಡಿಸ್ಕ್ ಇಷ್ಟು ನಿಧಾನ ಅಂದ್ರೆ ಸಾಕು ಇದು ಬೇಡ, ಎಷ್ಟಾದ್ರೂ ಆಗ್ಲಿ ಸ್ಪೀಡ್ ಇರೋ ಎಸ್‌ಎಸ್‌ಡಿನೇ (ತಿರುಗೋ ತಟ್ಟೆ ಇಲ್ದೆ ಚಿಪ್‌ನಲ್ಲೇ ಎಲ್ಲಾ ಉಳಿಸೋ ಡಿಸ್ಕ್) ತಗೊಳ್ಳೋಣ ಅಂತ ಸಂಜೆ ಅಂಗಡಿಗೆ ಹೋದೆ. ಅಂಗಡಿ ಹುಡುಗ ಸ್ಯಾಮ್ಸಂಗ್ ಟಿ7 ತೋರಿಸ್ದ, ಸೆಕೆಂಡಿಗೆ 1050 ಎಂಬಿ ವರೆಗೆ ಓದುತ್ತೆ. ನನ್ನ ಡಿಸ್ಕ್ 35ರ ಮೇಲೆ ಹೋಗ್ತಾನೇ ಇರ್ಲಿಲ್ಲ, ಮೂವತ್ತು ಪಟ್ಟು ಅಂದ್ರೆ ಯಾರಿಗೆ ಬೇಡ ಹೇಳಿ. ದುಡ್ಡು ಕೊಡೋ ಮುಂಚೆ ಮಾವನ ಮಗನಿಗೆ ಫೋನ್ ಮಾಡ್ದೆ, ಅವ್ನು ಡಿಪ್ಲೊಮಾ ಓದ್ತಿದ್ದಾನೆ. ಅವ್ನು ಡಿಸ್ಕ್ ಬಗ್ಗೆ ಏನೂ ಕೇಳ್ಲೇ ಇಲ್ಲ. "ಅಕ್ಕ, ಈಗಿರೋ ಡಿಸ್ಕ್ ಎಲ್ಲಿಗೆ ಚುಚ್ಚಿದಿ? ಕ್ಯಾಬಿನೆಟ್ ಮುಂದಕ್ಕೋ ಹಿಂದಕ್ಕೋ?" ಅಂದ. ಮುಂದಕ್ಕೆ ಅಂದೆ. "ಅದ್ರೊಳಗೆ ಪ್ಲಾಸ್ಟಿಕ್ ಕರ್ರಗೈತಾ ನೀಲಿ ಐತಾ?" ನೆನಪಾಗ್ಲಿಲ್ಲ. "ಹಂಗಾದ್ರೆ ಇವತ್ತು ಏನೂ ತಗಬ್ಯಾಡ, ಮನಿಗೋಗಿ ನೋಡು" ಅಂದ.

ಬರೀ ಕೈಯಲ್ಲಿ ವಾಪಸ್ ಬಂದೆ. ನೋಡಿದ್ರೆ ಮುಂದಿನ ಎರಡೂ ಪೋರ್ಟು ಕಪ್ಪು, ಅಂದ್ರೆ ಹಳೇ ನಿಧಾನದ ಯುಎಸ್‌ಬಿ 2.0. ಅದರ ಮಿತಿ ಸೆಕೆಂಡಿಗೆ 480 ಮೆಗಾಬಿಟ್, ಎಂಟು ಬಿಟ್‌ಗೆ ಒಂದು ಬೈಟ್ ಅಂತ ಎಂಟರಿಂದ ಭಾಗಿಸಿದ್ರೆ 60 ಮೆಗಾಬೈಟ್, ಹೋಗ್ತಾ ಬರ್ತಾ ಅದೂ ಇದೂ ಕಳೆದು ಕೈಗೆ ಸಿಗೋದು 35-40. ಅಲ್ಲಿಗೆ ಟಿ7 ಹಾಕಿದ್ರೂ ಅದೇ 35-40 ಬರ್ತಿತ್ತು! ಕ್ಯಾಬಿನೆಟ್ ಎಳೆದು ಧೂಳು ಒರೆಸಿ ಹಿಂದೆ ನೋಡ್ದೆ, ಎರಡು ನೀಲಿ ಪೋರ್ಟು, ಯುಎಸ್‌ಬಿ 3.0, 5 ಗಿಗಾಬಿಟ್. ಕಂಪ್ಯೂಟರ್ ತಂದಾಗಿಂದ ಅಲ್ಲೇ ಇದ್ವು, ಒಂದ್ ಸಲಾನೂ ಬಳಸಿರ್ಲಿಲ್ಲ. ಅದೇ ಡಿಸ್ಕು, ಅದೇ ಕೇಬಲ್ಲು, ಹಿಂದಕ್ಕೆ ಹಾಕಿದ ತಕ್ಷಣ 110 ತೋರಿಸ್ತು. ಮೂರು ತಾಸಿಗೂ ಮುಗೀದೇ ಇದ್ದಿದ್ದು ಒಂದು ತಾಸಿನೊಳಗೆ ಮುಗಿಯೋ ಲೆಕ್ಕ ಆಯ್ತು.

110ಕ್ಕೆ ಯಾಕೆ ನಿಂತ್ಕೊಳ್ತು ಅಂತ ಮತ್ತೆ ಅವನಿಗೇ ಫೋನು. ಕಂಪ್ಯೂಟರ್ ಒಳಗಿರೋದೂ ತಿರುಗೋ ಹಾರ್ಡ್ ಡಿಸ್ಕೇ, ಹೊರಗಿಂದೂ ಅದೇ, ಇಂಥವು ನೂರು ನೂರೈವತ್ತರ ಆಸುಪಾಸಲ್ಲೇ ಓಡೋದು, ಒಳಗಿಂದ ಓದಿ ಕೊಡೋವ್ನೇ ನಿಧಾನ ಆದ್ರೆ ಹೊರಗೆ ಎಂಥದ್ದು ಇಟ್ರೂ ಕಾಪಿ ಅಷ್ಟೇ ಅಂದ. ಯಾರಾದ್ರೂ ಡಿಸ್ಕ್ ತಗೊಳ್ಳಕ್ಕೆ ಹೊರಟ್ರೆ ನಾನು ಈಗ ಮೊದ್ಲು ಹೇಳೋದೇ ಇದು, ಅಂಗಡಿಗೆ ಹೋಗೋ ಮುಂಚೆ ನಿಮ್ಮ ಕಂಪ್ಯೂಟರ್ ಹಿಂದೆ ಬಗ್ಗಿ ನೋಡಿ, ಒಳಗೆ ಎಂಥ ಡಿಸ್ಕ್ ಇದೆ ಅಂತ್ಲೂ ನೋಡ್ಕೊಳ್ಳಿ.

ಹಂಗಂತ ಎಸ್‌ಎಸ್‌ಡಿ ಬೇಡ ಅಂತ ಬಿಡ್ಲಿಲ್ಲ. ಎಡಿಟ್ ಮಾಡೋವಾಗ ಒಂದೇ ಸಲ ನಾಲ್ಕೈದು ಕ್ಲಿಪ್ ಅಲ್ಲಿಂದ ಇಲ್ಲಿಂದ ಓದ್ಬೇಕು, ಹಾರ್ಡ್ ಡಿಸ್ಕ್ ಹೆಡ್ ಅತ್ತಿತ್ತ ಓಡಾಡಿ ಸುಸ್ತಾಗುತ್ತೆ, ವಿಡಿಯೋ ತಡವರಿಸುತ್ತೆ. ಎಸ್‌ಎಸ್‌ಡಿಲಿ ಓಡಾಡೋ ಭಾಗಾನೇ ಇಲ್ಲ, ಬಿದ್ರೂ ಅಷ್ಟು ಭಯ ಇಲ್ಲ. ಆದ್ರೆ ನನ್ನ ನೀಲಿ ಪೋರ್ಟಿಂದ ಬರೋದೇ 400 ಚಿಲ್ಲರೆ, ಸಾವಿರದ್ದಕ್ಕೆ ಯಾಕೆ ದುಡ್ಡು ಸುರೀಬೇಕು ಅಂತ ಭಾನುವಾರ ಹೋಗಿ 500 ಜಿಬಿದು, 540 ಸ್ಪೀಡ್ ಬರೆದಿರೋದು ತಂದೆ. ಹಾರ್ಡ್ ಡಿಸ್ಕ್ ಎರಡನೇ ಕಾಪಿ ಇಡೋಕೆ ಅಂತ ಬೀರು ಸೇರ್ತು. ಒಂದೇ ಕಡೆ ಇಡೋ ತಪ್ಪು ಇನ್ನೊಂದ್ಸಲ ಮಾಡೋ ಧೈರ್ಯ ನನಗಿಲ್ಲ.

ಮನೆಗೆ ಬಂದು ಡಬ್ಬದಲ್ಲಿದ್ದ ಕೇಬಲ್ ಗಿಡ್ಡ ಆಯ್ತು ಅಂತ ಮೊಬೈಲ್ ಚಾರ್ಜರ್ ಕೇಬಲ್ ಹಾಕ್ದೆ, ಮತ್ತೆ ಅದೇ 38! ಎದೆ ಧಸಕ್ ಅಂತು. ಸಿ ಪಿನ್ ಇದ್ದ ಮಾತ್ರಕ್ಕೆ ಎಲ್ಲಾ ಒಂದೇ ಅಲ್ವಂತೆ, ಚಾರ್ಜಿಂಗ್ ಕೇಬಲ್‌ಗಳಲ್ಲಿ ಸುಮಾರು ಒಳಗೆ ಯುಎಸ್‌ಬಿ 2.0 ತಂತಿನೇ ಇರೋದು. ಡಬ್ಬದ ಕೇಬಲ್ಲೇ ಹಾಕಿ ಕ್ಯಾಬಿನೆಟ್ ಗೋಡೆಯಿಂದ ಮುಂದಕ್ಕೆ ಎಳ್ಕೊಂಡೆ.

ರಾತ್ರಿ ಊಟ ಆದ್ಮೇಲೆ ಕಪ್ಪು ಕನ್ನಡಕ ಹಾಕ್ಕೊಂಡೇ ಅಜ್ಜಿ ಪಕ್ಕಕ್ಕೆ ಬಂದು ಕೂತ್ಲು, ಪರದೆ ಕಡೆ ನೋಡೋ ಹಂಗಿಲ್ಲ, ಬರೀ ಕೇಳೋದು. ಒಂದೇ ಬೀಸೋ ಪದ, ಮೂರು ಬೇರೆ ಬೇರೆ ವರ್ಷ ಹಾಡಿದ್ದು, ಒಂದರ ಹಿಂದೊಂದು ಹಾಕಿದೆ, ಎಲ್ಲೂ ನಿಲ್ಲಲಿಲ್ಲ. ಮೂರನೇದು ಮುಗಿಯೋ ಹೊತ್ತಿಗೆ ಅಜ್ಜಿ ನನ್ನ ಕೈ ಹಿಡಿದು, "ಯವ್ವಾ, ಮೊದ್ಲಿಂದ್ರಾಗೆ ಐದು ನುಡಿ ಐತಿ, ಇದ್ರಾಗೆ ನಾಕೇ ಅಂದೀನಲ್ಲೇ, ಒಂದು ಬಿಟ್ಟೀನಿ" ಅಂದ್ಲು. ಮೊಬೈಲ್ ತಗೊಂಡೆ. ಅಮ್ಮ ಫ್ಯಾನ್ ಆಫ್ ಮಾಡಿದ್ಲು. ಅಜ್ಜಿ ಗಂಟ್ಲು ಸರಿ ಮಾಡ್ಕೊಂಡು ಐದೂ ನುಡಿ ಹಾಡಿದ್ಲು.