ಬಾಸ್ಟಿಲ್‌ನಲ್ಲಿ ಕೋಟೆ ಇಲ್ಲ

ಪ್ಯಾರಿಸ್‌ನಲ್ಲಿ ಐಫೆಲ್ ಗೋಪುರಕ್ಕಿಂತ ಮೊದಲು 1789ರಲ್ಲಿ ಜನ ನುಗ್ಗಿ ಫ್ರೆಂಚ್ ಕ್ರಾಂತಿಗೆ ಕಿಡಿ ಹಚ್ಚಿದ ಆ ಸೆರೆಮನೆ, ಬಾಸ್ಟಿಲ್ ಕೋಟೆ, ನೋಡಬೇಕು ಅಂತ ಹಟ ಹಿಡಿದವನು ನಾನೇ. ಮೆಟ್ರೋದಿಂದ ಮೇಲೆ ಬಂದರೆ ಕೋಟೆಯೇ ಇಲ್ಲ! ದೊಡ್ಡ ವೃತ್ತ, ಸುತ್ತ ಗಾಡಿಗಳು, ನಡುವೆ ಒಂದು ಕಂಬ. ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡ ಮೇಲೆ ಗೊತ್ತಾಯಿತು, ಅದು 1789ರದ್ದಲ್ಲ, 1830ರ ಇನ್ನೊಂದು ಕ್ರಾಂತಿಯ ನೆನಪಿನದು. ಕೋಟೆಯ ಒಂದಿಷ್ಟು ಅಡಿಪಾಯ ಉಳಿದಿರುವುದು ಕೆಳಗೆ, ಮೆಟ್ರೋ 5ನೇ ಲೈನಿನ ಪ್ಲಾಟ್‌ಫಾರ್ಮ್ ಪಕ್ಕದಲ್ಲಿ.

"ಈ ನಾಲ್ಕು ಕಲ್ಲಿಗೆ ಇಷ್ಟು ದೂರ ಬಂದ್ವಾ ರೀ?" ಅಂದಳು ಹೆಂಡತಿ.

ಮಾನ ಉಳಿಸಿಕೊಳ್ಳಲು ಹತ್ತಿರದ ಕಾರ್ನವಾಲೆ ಮ್ಯೂಸಿಯಂಗೆ ಕರೆದುಕೊಂಡು ಹೋದೆ. ಟಿಕೆಟ್ ಇಲ್ಲ, ಅದೇ ದೊಡ್ಡ ಸಮಾಧಾನ. ಅಲ್ಲಿ ಕೋಟೆಯ ಕಲ್ಲಿನಲ್ಲೇ ಕೆತ್ತಿದ ಪುಟ್ಟ ಬಾಸ್ಟಿಲ್ ಇದೆ. ಕೋಟೆ ಒಡೆಯುವ ಗುತ್ತಿಗೆದಾರ ಪಾಲ್ವಾ ಇಂಥವನ್ನು ಮಾಡಿಸಿ ದೇಶದ 83 ಜಿಲ್ಲೆಗಳಿಗೂ ಕಳಿಸಿದನಂತೆ. ಕ್ರಾಂತಿಯ ನಡುವೆಯೂ ಪ್ರಚಾರ ಬಿಡಲಿಲ್ಲ ಪುಣ್ಯಾತ್ಮ!

1789ರ ಜುಲೈ 14ರಂದು ಜನ ನುಗ್ಗಿದಾಗ ಕೋಟೆಯ ಒಳಗಿದ್ದ ಕೈದಿಗಳು ಬರೀ 7 ಜನ. ಅವರು ಬಂದಿದ್ದು ಮುಖ್ಯವಾಗಿ ಕೋವಿಗೆ ತುಂಬುವ ಸಿಡಿಮದ್ದಿಗೆ. ಅದರ ಹಿಂದೆ ಹೊಟ್ಟೆಯ ಸಿಟ್ಟೂ ಇತ್ತು. ಹಿಂದಿನ ವರ್ಷ ಆಲಿಕಲ್ಲು ಮಳೆ ಬೆಳೆ ಹೊಡೆದು, 4 ಪೌಂಡಿನ ಬ್ರೆಡ್ಡಿಗೆ ಹದಿನಾಲ್ಕೂವರೆ ಸೂ (ಆಗಿನ ಫ್ರೆಂಚ್ ಚಿಲ್ಲರೆ ನಾಣ್ಯ) ಆಗಿತ್ತು. ಕೂಲಿಯವನ ದಿನದ ಸಂಪಾದನೆ 20-30 ಸೂ. ಅರ್ಧ ಕೂಲಿ ಬ್ರೆಡ್ಡಿಗೇ ಹೋದರೆ ಬಾಡಿಗೆ ಕಟ್ಟುವುದು ಯಾವುದರಲ್ಲಿ? ಪಾದ್ರಿಗಳಿಗೂ ಕುಲೀನ ಮನೆತನಗಳಿಗೂ ಮಾತ್ರ ಮುಖ್ಯ ತೆರಿಗೆಗಳಿಂದ ವಿನಾಯಿತಿ. ರೂಸೋ, ಮಾಂಟೆಸ್ಕ್ಯೂ ತರಹದ ಚಿಂತಕರನ್ನು ಓದಿಕೊಂಡ ವಕೀಲರು ಹಕ್ಕಿನ ಮಾತಾಡುತ್ತಿದ್ದರು, ಬೀದಿಯವರು ಬ್ರೆಡ್ಡಿನ ಮಾತಾಡುತ್ತಿದ್ದರು. ಎರಡೂ ಒಂದೇ ಬೇಸಿಗೆಯಲ್ಲಿ ಕೂಡಿಕೊಂಡವು. ಬರೀ ಪುಸ್ತಕದಿಂದಲೋ ಬರೀ ಹಸಿವಿನಿಂದಲೋ ಇಷ್ಟೆಲ್ಲ ಆಗುತ್ತಿರಲಿಲ್ಲ ಅನ್ನಿಸುತ್ತದೆ ನನಗೆ.

ಮಾರನೇ ದಿನ ರೈಲು ಹಿಡಿದು ವರ್ಸೈಲ್ಸ್ ಅರಮನೆಗೆ ಹೋದೆವು. ಕನ್ನಡಿ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ, ಬೇಗ ದಾಟಿದೆವು. ನಾನು ನಿಂತಿದ್ದು ಹರ್ಕ್ಯುಲಿಸ್ ಹಜಾರದಲ್ಲಿ. ನಮ್ಮ ಶ್ರೀರಂಗಪಟ್ಟಣದಿಂದ ಟಿಪ್ಪು ಕಳಿಸಿದ 3 ರಾಯಭಾರಿಗಳು 1788ರ ಆಗಸ್ಟ್ 10ರಂದು 16ನೇ ಲೂಯಿಯ ಮುಂದೆ ನಿಂತಿದ್ದು ಇಲ್ಲೇ, ಬ್ರಿಟಿಷರ ವಿರುದ್ಧ ಸೈನ್ಯದ ನೆರವು ಬೇಕು ಅಂತ. ಮೇಲೆ ಚಿನ್ನದ ಕೆಲಸ, ಚಾವಣಿ ತುಂಬ ದೇವತೆಗಳ ಚಿತ್ರ. ಇದನ್ನೆಲ್ಲ ನೋಡಿದವರಿಗೆ ಈ ರಾಜನ ಹತ್ತಿರ ದುಡ್ಡಿಲ್ಲ ಅಂತ ಹೇಗೆ ಹೊಳೆಯಬೇಕು, ಅಲ್ವಾ? ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಸುರಿದ ಹಣ, ಅದರ ಸಾಲ, ಆ ಸಾಲದ ಬಡ್ಡಿ ಎಲ್ಲ ಸೇರಿ ಆಗಸ್ಟ್ 16ಕ್ಕೆ ಖಜಾನೆ ಹಣ ಕೊಡುವುದನ್ನೇ ನಿಲ್ಲಿಸಿತು. ಸೈನ್ಯ ಸಿಗಲಿಲ್ಲ. ರಾಯಭಾರಿಗಳಿಗೆ ಸಿಕ್ಕಿದ್ದು ಸೆವ್ರ್ ಎಂಬ ಊರಿನ ಹೆಸರಾಂತ ಪಿಂಗಾಣಿ, ಜೊತೆಗೆ ಒಂದಷ್ಟು ಕುಶಲಕರ್ಮಿಗಳು.