ಎಣ್ಣೆ ಬಿಡಬಾರದಿದ್ದ ಜಾಗ

ದಾವಣಗೆರೆಯ ಹತ್ತಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮ ಅಜ್ಜ, ಅಸನ್ಸೋಲಿನಲ್ಲಿ ತಯಾರಾದ ತಮ್ಮ ಸೆನ್-ರ್ಯಾಲಿ ಸೈಕಲ್ಲಿಗೆ ಎಲ್ಲಿಂದಲೋ ತಂದು ಹಾಕಿಸಿದ್ದ ಸ್ಪೀಡೋಮೀಟರ್ ಅಟ್ಟದ ಮೇಲಿನ ಡಬ್ಬಿಯಲ್ಲಿ ಸಿಕ್ಕಿತು. ಗಾಜು ಒಡೆದಿತ್ತು, ಮುಳ್ಳು ಎಂಟು ಮೈಲಿಯ ಗೆರೆಯ ಮೇಲೆ ಕಚ್ಚಿ ನಿಂತಿತ್ತು. ಚೈನಿಗೆ ಎಣ್ಣೆ ಬಿಟ್ಟು ಅಭ್ಯಾಸವಾದ ಕೈ ಸುಮ್ಮನಿರಲಿಲ್ಲ, ಕೇಬಲ್ ಸೇರುವ ತೂತಿನಲ್ಲಿ ಧಾರಾಳವಾಗಿ ಹೊಲಿಗೆ ಯಂತ್ರದ ಎಣ್ಣೆ ಸುರಿದೆ. ಮುಳ್ಳೇನೋ ಬಿಡುಗಡೆಯಾಯಿತು, ಆದರೆ ಅಜ್ಜನ ಸೈಕಲ್ಲಿಗೆ ಮತ್ತೆ ಕಟ್ಟಿ, ತಳ್ಳಿಕೊಂಡು ನಡೆದರೂ ಇಪ್ಪತ್ತು ಮೈಲಿ ತೋರಿಸತೊಡಗಿತು.

“ಇದಕ್ಕೆ ಎಣ್ಣೆ ಯಾರು ಬಿಟ್ರಿ?” ಎಂದು ಗಡಿಯಾರ ರಿಪೇರಿಯ ಹಿರಿಯರು ಕೇಳಿದಾಗ ನಾನು ಉತ್ತರಿಸಲಿಲ್ಲ.

ಗಾಲಿಗೂ ಮುಳ್ಳಿಗೂ ನೇರವಾದ ಕೊಂಡಿಯೇ ಇಲ್ಲವೆಂಬುದು ಮೀಟರನ್ನು ಬಿಚ್ಚಿದ ಮೇಲಷ್ಟೇ ನನಗೆ ಮನದಟ್ಟಾಯಿತು. ಗಾಲಿಯೊಂದಿಗೆ ತಿರುಗುವ ಕೇಬಲ್ ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅದನ್ನು ಮುಟ್ಟದಂತೆ, ಕೂದಲೆಳೆಯಷ್ಟು ಅಂತರದಲ್ಲಿ, ಮುಳ್ಳು ಹೊತ್ತ ಅಲ್ಯೂಮಿನಿಯಂ ಬಟ್ಟಲು ಕುಳಿತಿರುತ್ತದೆ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವ ಲೋಹವಲ್ಲವಾದರೂ, ತಿರುಗುವ ಅಯಸ್ಕಾಂತವು ಅದರೊಳಗೆ ಲೋಹದೊಳಗೇ ಸುಳಿಯಂತೆ ಸುತ್ತುವ ವಿದ್ಯುತ್ತನ್ನು (ಸುಳಿ ವಿದ್ಯುತ್ತು) ಹುಟ್ಟಿಸಿ ಬಟ್ಟಲನ್ನು ತನ್ನ ದಿಕ್ಕಿಗೆ ಎಳೆಯುತ್ತದೆ, ಹೇರ್‌ಸ್ಪ್ರಿಂಗ್ ಎಂಬ ತೆಳ್ಳನೆಯ ಸುರುಳಿ ತಂತಿ ಹಿಂದಕ್ಕೆ ಜಗ್ಗುತ್ತದೆ, ಈ ಎರಡು ಸೆಳೆತಗಳು ಸರಿಸಮವಾದಲ್ಲಿ ಮುಳ್ಳು ನಿಲ್ಲುತ್ತದೆ. ಜರ್ಮನಿಯ ಎಂಜಿನಿಯರ್ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ನಡುವಿನ ಆ ಅಂತರದಲ್ಲಿ ಗಾಳಿ ಮಾತ್ರ ಇರಬೇಕು. ನಾನು ಅಲ್ಲಿ ಎಣ್ಣೆ ತುಂಬಿದ್ದೆ. ಎಣ್ಣೆಯ ಜಿಗುಟೇ ಬಟ್ಟಲನ್ನು ಎಳೆದೊಯ್ಯುತ್ತಿತ್ತು.

ಆ ಹಿರಿಯರು ಬಟ್ಟಲನ್ನು ಪೆಟ್ರೋಲಿನಲ್ಲಿ ತೊಳೆದು, ಹೇರ್‌ಸ್ಪ್ರಿಂಗಿಗೆ ಚಿಮಟ ತಾಗಿಸದೆ ಒಣಗಿಸಿ, ಅಚ್ಚಿನ ಬುಷ್‌ಗೆ ಸೂಜಿಯ ತುದಿಯಿಂದ ಒಂದೇ ಹನಿ ಎಣ್ಣೆ ಇಟ್ಟರು. ಕೇಬಲ್ಲಿಗೂ ಕೆಳಭಾಗದಲ್ಲಷ್ಟೇ ತೆಳುವಾಗಿ ಗ್ರೀಸ್ ಸವರಬೇಕಂತೆ. ಮೇಲಿನವರೆಗೂ ಮೆತ್ತಿದರೆ ಕೇಬಲ್ ತಿರುಗುತ್ತಾ ತಿರುಗುತ್ತಾ ಗ್ರೀಸನ್ನು ಮೀಟರಿನ ಒಳಕ್ಕೇ ಏರಿಸಿಬಿಡುತ್ತದೆ. ಗಾಜನ್ನು ಅವರೇ ಹೊಂದಿಸಿಕೊಟ್ಟರು.

ಪರೀಕ್ಷೆಗೆಂದು ಹರಿಹರದ ಕಡೆಗೆ ಪಿ.ಬಿ. ರಸ್ತೆಯಲ್ಲಿ ಕಿಲೋಮೀಟರ್ ಕಲ್ಲುಗಳನ್ನು ಎಣಿಸುತ್ತಾ ಹೋದೆ. ಐದು ಕಿ.ಮೀ.ಗೆ ಮೀಟರಿನ ದೂರದ ಅಂಕಿ 3.1 ಮೈಲಿ ಏರಬೇಕಿತ್ತು, ಏರಿದ್ದು 2.9. ಅಯಸ್ಕಾಂತ ಸೊರಗಿದೆಯೆಂದು ಮೊದಲು ಅನ್ನಿಸಿತಾದರೂ ಅದು ಸರಿಯಲ್ಲ. ದೂರವನ್ನು ಎಣಿಸುವ ಅಂಕಿಗಾಲಿಗಳು ಹಲ್ಲುಚಕ್ರಗಳಿಂದ ನಡೆಯುತ್ತವೆಯೇ ಹೊರತು ಅಯಸ್ಕಾಂತದ ಹಂಗಿನಲ್ಲಿಲ್ಲ. 26 ಅಂಗುಲದ ಗಾಲಿ ಒಂದು ಸುತ್ತಿಗೆ ಸುಮಾರು 2.07 ಮೀಟರ್ ಸಾಗಿದರೆ ಅಜ್ಜನ ಸೈಕಲ್ಲಿನಂಥ 28 ಅಂಗುಲದ್ದು ಸುಮಾರು 2.2 ಮೀಟರ್ ಸಾಗುತ್ತದೆ. ಮೀಟರ್ ಎಣಿಸುವುದು ಸುತ್ತುಗಳನ್ನು. ಚಿಕ್ಕ ಗಾಲಿಗೆಂದು ಮಾಡಿದ್ದನ್ನು ದೊಡ್ಡ ಗಾಲಿಗೆ ಹಾಕಿದ್ದರಿಂದ ನೂರಕ್ಕೆ ಆರರಷ್ಟು ಕಡಿಮೆ ಬರುತ್ತಿದೆ, ಮತ್ತು ಅಜ್ಜನ ಕಾಲದಿಂದಲೂ ಹಾಗೆಯೇ ಬಂದಿದೆ.

ಹೇರ್‌ಸ್ಪ್ರಿಂಗನ್ನು ಕೊಂಚ ಸಡಿಲಿಸಿ ಮುಳ್ಳನ್ನು ಸರಿಪಡಿಸಿಕೊಡಲೇ ಎಂದು ಹಿರಿಯರು ಕೇಳಿದರು. ಮುಳ್ಳು ಒಂದು ಲೆಕ್ಕ, ಅಂಕಿ ಇನ್ನೊಂದು ಲೆಕ್ಕ ಹೇಳುವುದು ನನಗೆ ಒಪ್ಪಿಗೆಯಾಗದೆ ಬೇಡವೆಂದೆ. ಅಜ್ಜ ಓಡಿಸಿದ 4,318 ಮೈಲಿಯನ್ನೂ ಸೊನ್ನೆಗೆ ತಿರುಗಿಸಲಿಲ್ಲ. ಈಗ ಅದು 4,321 ತೋರಿಸುತ್ತಿದೆ.