ಶಕ್ತಿಮಾನ್ ಅಂಗಳಕ್ಕೆ ಬಂತು, ಚಾವಿ ಮಾತ್ರ ಈಗಲೇ ತಿರುಗಿಸಬೇಡಿ

ಹರಾಜಿನಲ್ಲಿ ಕೊಂಡ ಹಳೇ ಮಿಲಿಟರಿ ಲಾರಿಯನ್ನು ಅಂಗಳಕ್ಕೆ ಎಳೆದು ತಂದ ದಿನವೇ ಎಲ್ಲರಿಗೂ ಒಂದೇ ಆಸೆ: ಎರಡು ಬ್ಯಾಟರಿ ಜೋಡಿಸಿ, ಸೆಲ್ಫ್ ಹೊಡೆದು, ಒಮ್ಮೆ ಆ ಸದ್ದು ಕೇಳಬೇಕು. ಗಾಡಿ ಹಾಳಾಗುವುದು ಆಗಲೇ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ವಾಲ್ವ್ ತಾನು ಜಾರುವ ಗೈಡಿಗೆ ಅಂಟಿರುತ್ತದೆ, ಪಿಸ್ಟನ್ ರಿಂಗು ಸಿಲಿಂಡರಿನ ಒಳಗೋಡೆಯಾದ ಲೈನರಿನ ತುಕ್ಕಿಗೆ ಹಿಡಿದಿರುತ್ತದೆ. ಸೆಲ್ಫಿನ ಜೋರಿಗೆ ವಾಲ್ವ್ ತೆರೆಸುವ ಪುಶ್ ರಾಡ್ ಬಾಗುತ್ತದೆ, ರಿಂಗು ತುಂಡಾಗುತ್ತದೆ. ಎರಡು ವಾರದ ತಾಳ್ಮೆಯಲ್ಲಿ ಮುಗಿಯುತ್ತಿದ್ದ ಕೆಲಸ ಎಂಜಿನ್ ಇಳಿಸುವ ತನಕ ಹೋಗುತ್ತದೆ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಶಕ್ತಿಮಾನ್ ಬಗ್ಗೆ. ಜರ್ಮನಿಯ ಮ್ಯಾನ್ ಕಂಪನಿಯ ಲೈಸೆನ್ಸಿನಲ್ಲಿ 1959ರಿಂದ ಜಬಲ್ಪುರದಲ್ಲಿ ತಯಾರಾದ, ಆರು ಸಿಲಿಂಡರ್ ಡೀಸೆಲ್ ಎಂಜಿನ್ನಿನ, ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಲಾರಿ ಅದು. ಆದರೆ ಬಹುಪಾಲು ಮಾತು ಆ ಕಾಲದ ಯಾವುದೇ ಡೀಸೆಲ್ ಮಿಲಿಟರಿ ಲಾರಿಗೂ ಸಲ್ಲುತ್ತದೆ. ಬಾಗಿಲ ಹತ್ತಿರವೋ ಬಂಪರಿನ ಮೇಲೋ ಹಳೇ ಸೇನಾ ನಂಬರ್ ಉಳಿದಿದ್ದರೆ ಒರೆಸಬೇಡಿ, ಮೊದಲು ಫೋಟೋ ತೆಗೆಯಿರಿ. ಮೇಲ್ಮುಖ ಬಾಣದ ಗುರುತಿನ ನಂತರ ಬರುವ ಎರಡು ಅಂಕಿ ಗಾಡಿ ಸೇನೆಗೆ ಸೇರಿದ ವರ್ಷ. ಬಿಡಿಭಾಗ ಹುಡುಕುವಾಗ ಆ ವರ್ಷ ಬೇಕಾಗುತ್ತದೆ.

ಕಾಗದದ ಮಾತು ಇಲ್ಲಿಯೇ ಮುಗಿಸಿಬಿಡೋಣ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ ಬೈಕು ಮತ್ತು ಕಾರುಗಳಿಗೆ. ಸರಕು ಲಾರಿ ಅದರೊಳಗೆ ಬರುವುದಿಲ್ಲ, ಆ ದಾರಿಯಲ್ಲಿ ನೋಂದಣಿ ಆಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಧಾರವಾಡದ 25, ಹುಬ್ಬಳ್ಳಿಯ 63, ಗದಗಿನ 26, ಹಾವೇರಿಯ 27, ನಿಮ್ಮ ಆರ್‌ಟಿಒ ಯಾವುದೇ ಇರಲಿ, ಹರಾಜಿನ ಬಿಡುಗಡೆ ಪತ್ರ ಮತ್ತು ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಹಿಡಿದು ದುಡ್ಡು ಸುರಿಯುವ ಮುಂಚೆಯೇ ಹೋಗಿ ಕೇಳಿ. ತುಕ್ಕು ತೆಗೆಯುವವನ ಗ್ರೈಂಡರ್ ಚಾಸಿ ನಂಬರಿನ ಮೇಲೆ ಹೋಗದಂತೆ ಆ ಜಾಗಕ್ಕೆ ಗ್ರೀಸ್ ಸವರಿ ಟೇಪ್ ಸುತ್ತಿಡಿ. ಅಳಿಸಿ ಹೋದ ನಂಬರ್ ಮರಳಿ ಬರುವುದಿಲ್ಲ.

ಇನ್ನು ಕೆಲಸ. ನಮ್ಮ ಕಡೆ ನಿಂತ ಗಾಡಿಯ ದೊಡ್ಡ ವೈರಿ ಮಳೆಯಲ್ಲ, ಎರೆ ಮಣ್ಣು. ಅಣ್ಣಿಗೇರಿ, ನವಲಗುಂದ, ಮುಳಗುಂದದ ಕಡೆಯ ಕರಿ ಮಣ್ಣು ಚಾಸಿಯ ಒಳಮೈಗೆ, ಪಾಟಾ (ಲೀಫ್ ಸ್ಪ್ರಿಂಗ್) ಬ್ರಾಕೆಟ್ಟಿನ ಸಂದಿಗೆ, ಕ್ಯಾಬಿನ್ನಿನ ಅಡಿಗೆ ಅಂಟಿ ಒಣಗಿದರೆ ಗಾರೆಯಂತೆ ಗಟ್ಟಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ತಿಂಗಳುಗಟ್ಟಲೆ ತೇವ ಹಿಡಿದಿರುತ್ತದೆ. ಬರೀ ಪ್ರೆಶರ್ ನೀರು ಹೊಡೆದರೆ ಮೇಲಿನ ಪದರ ಹೋಗಿ ಒಳಗಿನದು ಮತ್ತೆ ನೆನೆಯುತ್ತದೆ, ಅಷ್ಟೇ. ಮೊದಲು ಕಟ್ಟಿಗೆಯ ಚೂಪು ತುಂಡಿನಿಂದ ಕೆದರಿ ಒಣ ಮಣ್ಣು ಉದುರಿಸಿ, ಆಮೇಲೆ ನೀರು ಹೊಡೆಯಿರಿ. ಏಪ್ರಿಲ್ ಮೇ ಬಿಸಿಲಿನಲ್ಲಿ ಮಾಡಿದರೆ ಎರಡು ದಿನದಲ್ಲಿ ಪೂರಾ ಒಣಗುತ್ತದೆ. ನಂತರ ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ಗೇಣಿಗೊಂದು ಪೆಟ್ಟು ಹಾಕುತ್ತ ಹೋಗಿ. ಗಟ್ಟಿ ಕಬ್ಬಿಣ ಗಂಟೆಯಂತೆ ಕಣ್ಣೆನ್ನುತ್ತದೆ, ತುಕ್ಕು ತಿಂದ ಜಾಗ ಒದ್ದೆ ಮಡಕೆಯಂತೆ ದಪ್ಪೆನ್ನುತ್ತದೆ. ದಪ್ಪೆಂದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಕ್ಯಾಬಿನ್ ಮೌಂಟಿನ ಸುತ್ತ ಮತ್ತು ಎರಡು ತಗಡು ಜೋಡಿಸಿದ ಕಡೆ ಗುರುತು ಹೆಚ್ಚು ಬೀಳುತ್ತವೆ.

ಎಂಜಿನ್ನಿಗಿಂತ ಮುಂಚೆ ಬ್ರೇಕ್. ಕಾರಣ ಸರಳ: ಎಂಜಿನ್ ಸ್ಟಾರ್ಟ್ ಆದ ಮೇಲೆ ಗಾಡಿಯನ್ನು ನಾಲ್ಕು ಹೆಜ್ಜೆ ಸರಿಸದೆ ಬಿಡುವವರು ಯಾರೂ ಇಲ್ಲ. ಡ್ರಮ್ ಬಿಚ್ಚಿದ ತಕ್ಷಣ ಕಂಪ್ರೆಸರ್ ಗಾಳಿ ಹೊಡೆಯಬೇಡಿ. ಆ ಕಾಲದ ಬ್ರೇಕ್ ಲೈನರಿನಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ, ಅದರ ಪುಡಿ ಪುಪ್ಪಸಕ್ಕೆ ಹೋಗಬಾರದು. ಸೋಪಿನ ನೀರು ಚಿಮುಕಿಸಿ, ಒದ್ದೆ ಅರಿವೆಯಿಂದ ಒರೆಸಿ, ಅರಿವೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹೀಗಾಗಿ ಗಾಲಿಯ ಬ್ರೇಕ್ ಒತ್ತುವ ವ್ಹೀಲ್ ಸಿಲಿಂಡರಿನ ಪಿಸ್ಟನ್ ಹಿಡಿದೇ ಇರುತ್ತದೆ. ಸಿಲಿಂಡರಿನ ಒಳಮೈಯಲ್ಲಿ ಉಗುರಿಗೆ ಸಿಗುವಷ್ಟು ಗುಳಿ ಇದ್ದರೆ ಹೋನಿಂಗ್ (ಒಳಮೈ ಉಜ್ಜಿ ನಯ ಮಾಡುವುದು) ಮಾಡಿಸಿ ಪ್ರಯೋಜನವಿಲ್ಲ. ಲೇಥಿನವರ ಹತ್ತಿರ ಸ್ಟೇನ್‌ಲೆಸ್ ಇಲ್ಲವೇ ಹಿತ್ತಾಳೆ ಸ್ಲೀವ್ (ಒಳಕೊಳವೆ) ಹಾಕಿಸಿ. ರಬ್ಬರ್ ಕಪ್‌ಗಳನ್ನು ಸೀಮೆಎಣ್ಣೆ, ಪೆಟ್ರೋಲಿನಲ್ಲಿ ತೊಳೆದರೆ ಉಬ್ಬಿ ಹಾಳಾಗುತ್ತವೆ. ಬ್ರೇಕ್ ಆಯಿಲ್‌ನಲ್ಲೇ ತೊಳೆಯಿರಿ. ಪೆಡಲ್ ಬಿಟ್ಟರೂ ಒಂದು ಗಾಲಿ ಮಾತ್ರ ಹಿಡಿದೇ ಇದ್ದರೆ ಬಹಳ ಜನ ಸಿಲಿಂಡರನ್ನೇ ಮತ್ತೆ ಮತ್ತೆ ಬಿಚ್ಚುತ್ತಾರೆ. ತಪ್ಪು ಹೆಚ್ಚಾಗಿ ರಬ್ಬರ್ ಹೋಸಿನದು. ಹೊರಗಿನಿಂದ ಚೆನ್ನಾಗಿ ಕಂಡರೂ ಒಳಪದರ ಕುಸಿದು ಆಯಿಲ್ ಮರಳದಂತೆ ತಡೆಯುತ್ತಿರುತ್ತದೆ. ಹೋಸ್‌ಗಳನ್ನು ನೋಡುತ್ತ ಕೂಡುವುದು ಬೇಡ, ಎಲ್ಲವನ್ನೂ ಬದಲಿಸಿ. ಬ್ರೇಕ್ ಪೈಪಿನ ಏರ್ ತೆಗೆಯುವಾಗ ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಗಾಲಿಯಿಂದ ಶುರು ಮಾಡಿ ಹತ್ತಿರಕ್ಕೆ ಬನ್ನಿ.

ಗಾಲಿ ಬಿಚ್ಚುವ ಮುನ್ನ ಒಂದು ಎಚ್ಚರಿಕೆ, ಇದು ಜೀವದ ಮಾತು. ಟೈರ್ ಕಳಚದಂತೆ ಹಿಡಿಯುವ ಲಾಕ್ ರಿಂಗ್ ಇರುವ ರಿಮ್ ಆಗಲಿ, ಎರಡು ಹೋಳು ಸೇರಿಸಿ ಬೋಲ್ಟ್ ಹಾಕಿದ ರಿಮ್ ಆಗಲಿ, ವಾಲ್ವಿನ ಒಳಗಿನ ಪಿನ್ ತೆಗೆದು ಗಾಳಿ ಪೂರಾ ಹೋದ ಮೇಲೆಯೇ ನಟ್ಟಿಗೆ ಪಾನಾ ಹಾಕಬೇಕು. ಗಾಳಿ ಇರುವಾಗ ಹೋಳು ಜೋಡಿಸಿದ ನಟ್ ಸಡಿಲಿಸಿದರೆ ರಿಮ್ ಸಿಡಿದು ಎದುರಿದ್ದವರ ತಲೆ ಹೋಗುತ್ತದೆ. ಮರಳಿ ಗಾಳಿ ತುಂಬುವಾಗಲೂ ಕಬ್ಬಿಣದ ಪಂಜರದೊಳಗಿಟ್ಟು, ಉದ್ದನೆಯ ಪೈಪಿನಿಂದ, ಪಕ್ಕಕ್ಕೆ ನಿಂತು ತುಂಬಿ. ರಸ್ತೆ ಬದಿಯ ಪಂಕ್ಚರ್ ಅಂಗಡಿಯ ಹುಡುಗನಿಗೆ ಈ ಬಗೆಯ ರಿಮ್ ಗೊತ್ತಿರುವುದಿಲ್ಲ, ಅವನ ಕೈಗೆ ಕೊಡಲೇಬೇಡಿ.

ಈಗ ಎಂಜಿನ್. ಮೊದಲು ಡಿಪ್‌ಸ್ಟಿಕ್ ನೋಡಿ. ಆಯಿಲ್ ಹಾಲು ಹಾಕಿದ ಚಹಾದಂತಿದ್ದರೆ ನೀರು ಸೇರಿದೆ. ಮಟ್ಟ ಗುರುತಿಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪು ಅಥವಾ ಅದನ್ನು ಸಿಲಿಂಡರಿನ ಕಡೆಗೆ ಒತ್ತುವ ಇಂಜೆಕ್ಷನ್ ಪಂಪಿನಿಂದ ಡೀಸೆಲ್ ಇಳಿದಿದೆ. ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿಯ) ಡ್ರೇನ್ ಬೋಲ್ಟನ್ನು ಪೂರಾ ತೆಗೆಯದೆ ನಿಧಾನ ಸಡಿಲಿಸಿ. ನೀರು ಭಾರ, ತಳದಲ್ಲಿರುತ್ತದೆ, ಅದೇ ಮೊದಲು ತೊಟ್ಟಿಕ್ಕುತ್ತದೆ. ಎಷ್ಟು ನೀರು ಬಂತೆಂದು ಬಾಟಲಿಯಲ್ಲಿ ಹಿಡಿದು ನೋಡಿ. ನಾಲ್ಕು ಚಮಚೆ ಬಂದರೆ ಅದು ಆವಿ ಕೂಡಿದ್ದು. ಲೀಟರುಗಟ್ಟಲೆ ಬಂದರೆ ಹೆಡ್ ಗ್ಯಾಸ್ಕೆಟ್ ಅಥವಾ ಲೈನರಿನ ಕೆಳಗಿನ ರಬ್ಬರ್ ಹೋಗಿದೆ, ಅದು ಬೇರೆಯೇ ಕೆಲಸ.

ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಆರೂ ನೋಜಲ್ ಬಿಚ್ಚಿ. ಪ್ರತಿ ಸಿಲಿಂಡರಿಗೆ 20ರಿಂದ 30 ಮಿಲಿ, ಅರ್ಧ ಡೀಸೆಲ್ ಅರ್ಧ ಎಂಜಿನ್ ಆಯಿಲ್ ಬೆರೆಸಿ ಹಾಕಿ, ಮೂರು ದಿನ ಬಿಡಿ. ಹೆಚ್ಚು ಹಾಕಿದರೆ ಬೇಗ ಬಿಡುತ್ತದೆ ಅನ್ನುವುದು ತಪ್ಪು ಲೆಕ್ಕ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ನೋಜಲ್ ಹಾಕಿ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೂರು ದಿನದ ನಂತರ, ನೋಜಲ್ ಹೊರಗಿರುವಾಗಲೇ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಉದ್ದ ಪಾನಾ ಹಾಕಿ ಕೈಯಿಂದ ಹಿಂದೆ ಮುಂದೆ ಅಲುಗಾಡಿಸಿ. ಒಂದು ಸುತ್ತಿನ ನೂರರಲ್ಲೊಂದು ಪಾಲು ಕದಲಿದರೂ ಸಾಕು, ಅಲ್ಲಿಗೆ ನಿಲ್ಲಿಸಿ ಮತ್ತೆ ಆಯಿಲ್ ಹಾಕಿ. ಪಾನಾಕ್ಕೆ ಪೈಪು ತೂರಿಸಿ ನೇತಾಡಬೇಡಿ. ಎರಡು ಪೂರ್ತಿ ಸುತ್ತು ಬಂದ ಮೇಲೆ ಟ್ಯಾಪೆಟ್ ಕವರ್ ತೆಗೆದು ಹನ್ನೆರಡೂ ವಾಲ್ವ್ ಇಳಿದು ಏರುತ್ತವೆಯೇ ಎಂದು ಒಂದೊಂದಾಗಿ ಕಣ್ಣಾರೆ ನೋಡಿ. ವಾಲ್ವನ್ನು ಒತ್ತುವ ರಾಕರ್ ಮತ್ತು ವಾಲ್ವಿನ ನಡುವೆ ಒಂದರಲ್ಲಿ ಮಾತ್ರ ಬಹಳ ಸಂದು ಕಂಡರೆ ಆ ವಾಲ್ವ್ ಕೆಳಗೆ ಅಂಟಿದೆ ಎಂದರ್ಥ. ನೋಜಲ್ ಮರಳಿ ಹಾಕುವಾಗ ಹೊಸ ತಾಮ್ರದ ವಾಶರ್ ಸಿಗದಿದ್ದರೆ ಹಳೆಯದನ್ನೇ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮತ್ತೆ ಮೆತ್ತಗಾಗಿ ಸರಿಯಾಗಿ ಕೂಡುತ್ತದೆ.

ಎಲ್ಲಕ್ಕಿಂತ ಹೆಚ್ಚು ಜನ ಮರೆಯುವುದು ಇಂಜೆಕ್ಷನ್ ಪಂಪಿನ ರ‍್ಯಾಕ್. ಆಕ್ಸಿಲರೇಟರ್ ಒತ್ತಿದಾಗ ಪಂಪಿನೊಳಗೆ ಹಿಂದೆ ಮುಂದೆ ಸರಿದು ಡೀಸೆಲ್ ಎಷ್ಟು ಹೋಗಬೇಕೆಂದು ನಿರ್ಧರಿಸುವ ಹಲ್ಲಿನ ಕಡ್ಡಿ ಅದು. ಹಳೇ ಡೀಸೆಲ್ ಒಣಗಿ ಅಂಟಾದಾಗ ರ‍್ಯಾಕ್ ಹಿಡಿದು ನಿಲ್ಲುತ್ತದೆ. ಪೂರ್ತಿ ತೆರೆದ ಜಾಗದಲ್ಲಿ ಹಿಡಿದಿದ್ದರೆ, ಸ್ಟಾರ್ಟ್ ಆದ ಗಳಿಗೆಯಿಂದ ಎಂಜಿನ್ ತಾನೇ ವೇಗ ಏರಿಸಿಕೊಳ್ಳುತ್ತ ಹೋಗುತ್ತದೆ. ಚಾವಿ ಬಂದ್ ಮಾಡಿದರೂ ನಿಲ್ಲುವುದಿಲ್ಲ, ಕೊನೆಗೆ ರಾಡ್ ಬ್ಲಾಕ್ ಸೀಳಿ ಹೊರಬರುತ್ತದೆ. ಪಂಪಿನ ಪಕ್ಕದ ಮುಚ್ಚಳ ತೆಗೆದು ರ‍್ಯಾಕ್ ಬೆರಳಿಗೆ ಸರಾಗ ಸರಿಯುತ್ತದೆಯೇ ನೋಡಿ. ಹಿಡಿದಿದ್ದರೆ ಡೀಸೆಲ್ ಹಾಕಿ ನೆನೆಯಲು ಬಿಡಿ, ಸ್ಕ್ರೂಡ್ರೈವರಿನಿಂದ ಮೀಟಬೇಡಿ, ಪಂಪಿನ ಕೆಲಸದವರಿಗೇ ಕೊಡಿ. ಎಲ್ಲ ಸರಿಯಿದ್ದರೂ ಮೊದಲ ಸ್ಟಾರ್ಟಿನ ಹೊತ್ತಿಗೆ ಏರ್ ಕ್ಲೀನರ್ ತೆಗೆದು, ಗಾಳಿ ಹೋಗುವ ಬಾಯಿಯ ಪಕ್ಕದಲ್ಲಿ ಅದನ್ನು ಪೂರಾ ಮುಚ್ಚುವಂಥ ದಪ್ಪ ಹಲಗೆ ಹಿಡಿದು ಒಬ್ಬರು ನಿಂತಿರಲಿ. ವೇಗ ತಪ್ಪಿದರೆ ಗಾಳಿ ಮುಚ್ಚುವುದೊಂದೇ ಉಪಾಯ. ಕೈಯಿಂದ ಮುಚ್ಚಲು ಹೋಗಬಾರದು, ಎಳೆತ ಅಷ್ಟು ಜೋರಿರುತ್ತದೆ.

ಡೀಸೆಲ್ ಟ್ಯಾಂಕ್ ಇಳಿಸಿ ತೊಳೆಯಲೇಬೇಕು. ತಳದಲ್ಲಿ ನೀರು, ಅದರ ಮೇಲೆ ಕರಿ ಲೋಳೆ ಇರುತ್ತದೆ. ಒಳಗೆ ಎರಡು ಹಿಡಿ ಜಲ್ಲಿ ಚೂರು ಇಲ್ಲವೇ ತುಂಡು ಸರಪಳಿ ಹಾಕಿ, ಸ್ವಲ್ಪ ಡೀಸೆಲ್ ಹುಯ್ದು ಅಲುಗಾಡಿಸಿದರೆ ತುಕ್ಕು ಬಿಡುತ್ತದೆ. ತೂತಿದ್ದರೆ ವೆಲ್ಡಿಂಗ್ ಮುಂಚೆ ಸೋಪಿನ ನೀರಿನಲ್ಲಿ ತೊಳೆದು, ವೆಲ್ಡ್ ಮಾಡುವ ಜಾಗದ ಕೆಳಗಿನವರೆಗೂ ನೀರು ತುಂಬಿಸಿಡಿ. ಖಾಲಿ ಕಂಡ ಟ್ಯಾಂಕ್ ಆವಿಯಿಂದ ತುಂಬಿರುತ್ತದೆ. ಡೀಸೆಲ್ ಪೈಪಿನ ಏರ್ ತೆಗೆಯುವ ಕ್ರಮ ಫಿಲ್ಟರ್, ನಂತರ ಪಂಪು, ಕೊನೆಗೆ ನೋಜಲ್ ನಟ್. ಗುಳ್ಳೆ ಬರುವುದು ನಿಲ್ಲದಿದ್ದರೆ ಟ್ಯಾಂಕಿನಿಂದ ಫೀಡ್ ಪಂಪಿನ ನಡುವೆ ಎಲ್ಲೋ ಗಾಳಿ ಎಳೆಯುತ್ತಿದೆ. ಅಲ್ಲಿ ಡೀಸೆಲ್ ಸೋರುವುದು ಕಾಣುವುದಿಲ್ಲ, ಹೀಗಾಗಿ ಹುಡುಕುವುದು ಕಷ್ಟ. ಒಂದೊಂದೇ ಜಾಯಿಂಟ್ ಬಿಗಿ ಮಾಡುತ್ತ ಬನ್ನಿ.

ಎಂಜಿನ್ ತಣ್ಣಗಿಡುವ ನೀರು ಓಡುವ ಜಾಗದಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿರುತ್ತದೆ. ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ಲಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ತುಂಬಿ, ಒಂದು ದಿನ ಬಿಟ್ಟು ಚೆಲ್ಲಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಆಮೇಲೆ ಎರಡು ಸಲ ಬರೀ ನೀರು. ಸುಣ್ಣ ಬಿಟ್ಟ ಮೇಲೆ ಬ್ಲಾಕಿನ ಪಕ್ಕದ ತಗಡು ಬಿರಡೆಗಳಲ್ಲಿ ಸೋರಿಕೆ ಶುರುವಾಗಬಹುದು. ಅಷ್ಟು ದಿನ ತೂತು ಮುಚ್ಚಿದ್ದು ಆ ಸುಣ್ಣವೇ. ಹೊಸ ಬಿರಡೆ ಹಾಕಿ, ಇನ್ನು ಮುಂದೆ ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್ ಮಾತ್ರ.

ಬಿಡಿಭಾಗ ಸಿಗುವುದಿಲ್ಲ ಎಂಬ ಕೂಗಿಗೆ ಅರ್ಧ ಕಾರಣ ಕೇಳುವ ರೀತಿ. ಹುಬ್ಬಳ್ಳಿಯ ಬೇರಿಂಗ್ ಅಂಗಡಿಗೆ ಹೋಗಿ ಶಕ್ತಿಮಾನ್ ಹಬ್ ಸೀಲ್ ಕೊಡಿ ಅಂದರೆ ಇಲ್ಲ ಅನ್ನುತ್ತಾರೆ. ಒಳ ವ್ಯಾಸ, ಹೊರ ವ್ಯಾಸ, ದಪ್ಪ, ಈ ಮೂರು ಅಳತೆ ಮಿಲಿಮೀಟರಿನಲ್ಲಿ ಹೇಳಿ, ಡ್ರಾಯರಿನಿಂದ ತೆಗೆದು ಕೊಡುತ್ತಾರೆ. ಬೇರಿಂಗ್ ಮೇಲೆ ನಂಬರ್ ಇದ್ದೇ ಇರುತ್ತದೆ. 6308 ಅಂದರೆ ಯಾವ ದೇಶದ ಯಾವ ಕಂಪನಿಯದಾದರೂ 40 ಒಳಗೆ, 90 ಹೊರಗೆ, 23 ದಪ್ಪ. ಸೀಲ್ ಹಳೆಯದನ್ನು ಅಳೆಯಬೇಡಿ, ಅದು ಸವೆದಿರುತ್ತದೆ, ಶಾಫ್ಟ್ ಮತ್ತು ಹೌಸಿಂಗನ್ನೇ ವರ್ನಿಯರಿನಿಂದ ಅಳೆಯಿರಿ. ಶಾಫ್ಟಿನ ಮೇಲೆ ಸೀಲ್ ಕೂಡುವ ಕಡೆ ಗೀರು ಬಿದ್ದಿದ್ದರೆ ಎಷ್ಟು ಹೊಸ ಸೀಲ್ ಹಾಕಿದರೂ ಸೋರುತ್ತದೆ. ಗೇರ್ ಬಾಕ್ಸಿಗೆ ಜಿಎಲ್-4 ದರ್ಜೆಯ ಗೇರ್ ಆಯಿಲನ್ನೇ ಹಾಕಿ. ಜಿಎಲ್-5ರಲ್ಲಿರುವ ಗಂಧಕದ ಸೇರ್ಪಡೆಗಳು ಹಳೇ ಬಾಕ್ಸಿನ ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನಬಹುದು.

ಕರೆಂಟಿನ ವಿಷಯ ಚಿಕ್ಕದು. 24 ವೋಲ್ಟ್ ಗಾಡಿಯಾದರೆ 12ರ ಎರಡು ಬ್ಯಾಟರಿ ಸಾಲಾಗಿ, ಎರಡೂ ಒಂದೇ ದಿನ ಕೊಂಡವು, ಒಂದೇ ಸಾಮರ್ಥ್ಯದವು ಇರಬೇಕು. ಹಾರ್ನಿಗೋ ಟೇಪಿಗೋ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದರೆ ಅದು ಸದಾ ಅರ್ಧ ಖಾಲಿ, ಇನ್ನೊಂದು ಸದಾ ಹೆಚ್ಚು ಚಾರ್ಜ್ ಆಗಿ ಎರಡೂ ಸಾಯುತ್ತವೆ. ಬಟ್ಟೆ ಸುತ್ತಿದ ಹಳೇ ವೈರ್ ಬಗ್ಗಿಸಿದಾಗ ಪುಡಿ ಉದುರಿದರೆ ತುಂಡು ತುಂಡು ಜೋಡಿಸದೆ ಇಡೀ ಹಾರ್ನೆಸ್ (ವೈರಿಂಗ್ ಕಟ್ಟು) ಹೊಸದು ಕಟ್ಟಿಸಿ.

ಬಣ್ಣದ ಬಗ್ಗೆ ಬೇಸರದ ಸುದ್ದಿ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯದಲ್ಲದ ವಾಹನಕ್ಕೆ ಆಲಿವ್ ಗ್ರೀನ್ ಬಣ್ಣ ಹಚ್ಚುವಂತಿಲ್ಲ. ಮೂಲ ರೂಪ ಉಳಿಸಬೇಕೆಂಬ ಆಸೆ ಸಹಜ, ಆದರೆ ರಸ್ತೆಗೆ ಇಳಿಸುವ ಗಾಡಿಗೆ ಬೇರೆ ಬಣ್ಣವೇ ಗತಿ. ಮರಳಿನ ಬಣ್ಣ ಆ ಮೈಕಟ್ಟಿಗೆ ಚೆನ್ನಾಗಿ ಒಪ್ಪುತ್ತದೆ. ಹಳೇ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಾಗ ತಿಕ್ಕದೆ ನೀರು ಕಾಗದದಿಂದ ಒದ್ದೆ ತಿಕ್ಕಿ, ಮುಖಕ್ಕೆ ಮಾಸ್ಕ್ ಇರಲಿ. ರೆಡ್ ಆಕ್ಸೈಡ್ ಒಂದನ್ನೇ ನಂಬಬೇಡಿ, ಚಾಸಿಗೆ ಎಪಾಕ್ಸಿ ಪ್ರೈಮರ್ ಹಚ್ಚಿಸಿ. ಲಾಂಬಿ (ಪುಟ್ಟಿ) ತುಂಬಿ ತೂತು ಮುಚ್ಚುವ ಟಿಂಕರಿಂಗ್ ಕೆಲಸಕ್ಕೆ ಒಪ್ಪಬೇಡಿ. ಮೊದಲ ಮಳೆಗಾಲದಲ್ಲೇ ಅದರ ಹಿಂದೆ ನೀರು ನಿಲ್ಲುತ್ತದೆ.

ಮೊದಲ ಓಡಾಟ 10 ಕಿಲೋಮೀಟರಿಗಿಂತ ಹೆಚ್ಚು ಬೇಡ, ಡಾಂಬರಿನ ಮೇಲೆ ಫೋರ್ ವ್ಹೀಲ್ ಹಾಕಬೇಡಿ. ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಜಗ್ಗಾಡಿ, ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಗಿಯುತ್ತದೆ. ನಿಲ್ಲಿಸಿದ ತಕ್ಷಣ ನಾಲ್ಕೂ ಗಾಲಿಯ ನಡುವಿನ ಹಬ್ಬಿನ ಹತ್ತಿರ ಅಂಗೈ ಒಯ್ಯಿರಿ, ಮೊದಲೇ ಒತ್ತಿ ಹಿಡಿಯಬೇಡಿ. ಮೂರು ಬೆಚ್ಚಗಿದ್ದು ಒಂದು ಮಾತ್ರ ಕೈಯಿಡಲಾಗದಷ್ಟು ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ ಅಥವಾ ಬೇರಿಂಗ್ ಬಿಗಿಯಾಗಿದೆ. ಡ್ರಮ್ ಕಾದು ಹಬ್ ತಣ್ಣಗಿದ್ದರೆ ಬ್ರೇಕು, ಹಬ್ಬಿನ ನಡುವೆಯೇ ಹೆಚ್ಚು ಕಾದಿದ್ದರೆ ಬೇರಿಂಗು. ಪಾಟಾದ ಹೊಸ ಯು-ಬೋಲ್ಟ್‌ಗಳನ್ನು 100 ಕಿಲೋಮೀಟರ್ ಆದ ಮೇಲೆ, ಗಾಡಿ ನೆಲದ ಮೇಲೆ ತನ್ನ ಭಾರ ಹೊತ್ತು ನಿಂತಿರುವಾಗ, ಮತ್ತೊಮ್ಮೆ ಬಿಗಿ ಮಾಡಿ.